ಎರಡು ದಿನದ ಮೊಸರು

ಆನವಟ್ಟಿಯಿಂದಾಚೆಯ ಹಳ್ಳಿಯೊಂದರ ಜೈನ ಮನೆತನದ ಅಜ್ಜಿಯನ್ನು ಮಳೆಗಾಲದ ಒಂದು ಬೆಳಗ್ಗೆ ಮೊಮ್ಮಗಳು ಶಿಕಾರಿಪುರದ ವೈದ್ಯರೊಬ್ಬರಲ್ಲಿಗೆ ಕರೆದೊಯ್ದಿದ್ದಳು. ಜ್ವರಕ್ಕೆಂದು ನುಂಗಿದ ಆಂಟಿಬಯಾಟಿಕ್ ಗುಳಿಗೆಗಳು ಜ್ವರವನ್ನು ಇಳಿಸಿದ್ದವು, ಹೊಟ್ಟೆಯನ್ನು ಕೆಡಿಸಿದ್ದವು. ಅಜ್ಜಿಗೆ ಎಂಬತ್ತರ ಸಮೀಪ. ವೈದ್ಯರು ಹೊಸ ಮಾತ್ರೆಯನ್ನೇನೂ ಬರೆಯಲಿಲ್ಲ. ಮೊಸರು ತಿನ್ನಿ, ಮಜ್ಜಿಗೆ ಕುಡಿಯಿರಿ, ಹುಳಿ ಬಂದ ಇಡ್ಲಿ ದೋಸೆ ಒಳ್ಳೆಯದು, ರಾತ್ರಿ ನೀರು ಹಾಕಿಟ್ಟ ಅನ್ನವನ್ನು ಬೆಳಗ್ಗೆ ಮಜ್ಜಿಗೆಯಲ್ಲಿ ಕಲಸಿ ಉಂಡರೂ ಆದೀತು ಎಂದರು. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಹೊತ್ತಿನ ಮೊಸರು, ಡಾಕ್ಟ್ರೇ?"

ವೈದ್ಯರು ಅದನ್ನು ಊಟದ ಹೊತ್ತಿನ ಪ್ರಶ್ನೆಯೆಂದು ತಿಳಿದು, "ಮಧ್ಯಾಹ್ನ ತಗೊಳ್ಳಿ ಅಜ್ಜಿ" ಎಂದರು.

ಅಜ್ಜಿ ಕೇಳಿದ್ದು ತಾನು ತಿನ್ನಬೇಕಾದ ಹೊತ್ತನ್ನಲ್ಲ, ಮೊಸರಿನ ವಯಸ್ಸನ್ನು. ಕುವೆಂಪು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುತ್ತಿದ್ದ ಮೊಮ್ಮಗಳಿಗೂ ಅದು ಕೂಡಲೇ ಹೊಳೆಯಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಅಜ್ಜಿಯೇ ವಿವರಿಸಿದರು. ಹಾಲಿಗೆ ಹೆಪ್ಪು ಹಾಕಿದ ಹೊತ್ತಿನಿಂದ ಎಣಿಕೆ ಆರಂಭ; ಹದಿನಾರು ಪ್ರಹರ ಮೀರಿದರೆ ಅದು ಮೊಸರಲ್ಲ. ಹಾಗಾದರೆ ಏನು ಎಂದು ಮೊಮ್ಮಗಳು ಕೇಳಿದಾಗ ಬಂದ ಉತ್ತರ: "ಆಮೇಲೆ ಅದು ಹೆಂಡದ ತಂಗಿ, ಮಗಾ."

ಈ ಮಾತನ್ನು ಅಜ್ಜಿ ಯಾವ ಗ್ರಂಥದಿಂದಲೂ ಓದಿ ಕಲಿತವರಲ್ಲ. ಆದರೆ ಗ್ರಂಥದಲ್ಲಿ ಅದು ಇದೆ. 13ನೆಯ ಶತಮಾನದ ಪಂಡಿತ ಆಶಾಧರನ 'ಸಾಗಾರಧರ್ಮಾಮೃತ'ದಲ್ಲಿ ಮದ್ಯವ್ರತಕ್ಕೆ ತಗಲುವ ಮಲಗಳನ್ನು ಹೇಳುವ ಒಂದು ಶ್ಲೋಕವಿದೆ. ಅವನು ಅಲ್ಲಿ ಹೆಸರಿಸುವುದು ಹೆಂಡದ ಅಂಗಡಿಯನ್ನಲ್ಲ. ಊರಿಹಾಕಿದ ಉಪ್ಪಿನಕಾಯಿಯಂಥ ಎಲ್ಲ ಸಂಧಾನಗಳು, ಎರಡು ದಿನ ಕಳೆದ ಮೊಸರು ಮತ್ತು ಮಜ್ಜಿಗೆ, ಹೂ ಕಟ್ಟಿದ ಕಾಂಜಿ ಎಂಬ ಮೂರನ್ನು ಹೆಸರಿಸುತ್ತಾನೆ. ಇವನ್ನು ಬಿಡದವನ ಮದ್ಯತ್ಯಾಗಕ್ಕೆ ಕಳಂಕ ತಗಲುತ್ತದೆ. ಪ್ರಹರಕ್ಕೆ ಮೂರು ಗಂಟೆಯಂತೆ ಹದಿನಾರು ಪ್ರಹರವೆಂದರೆ ನಲವತ್ತೆಂಟು ಗಂಟೆ. ಅಜ್ಜಿಯ ಎಣಿಕೆಯೂ ಆಶಾಧರನ ಎರಡು ದಿನವೂ ಒಂದೇ. ಕೆಲವು ಮನೆಗಳಲ್ಲಿ ಈ ಅವಧಿ ಇನ್ನೂ ಕಿರಿದು, ಎಂಟು ಪ್ರಹರಕ್ಕೇ ಮುಗಿಯುತ್ತದೆ.

ಸಾಹಿತ್ಯದ ವಿದ್ಯಾರ್ಥಿ ಇಲ್ಲಿ ಗಮನಿಸಬೇಕಾದುದು ಆ ಶ್ಲೋಕದ ವರ್ಗೀಕರಣವನ್ನು. ಮೊಸರು ಹಾಲಿನ ವಿಭಾಗದಲ್ಲಿಯೋ ಉಪ್ಪಿನಕಾಯಿ ಕಾಯಿಪಲ್ಲೆಯ ವಿಭಾಗದಲ್ಲಿಯೋ ಬರದೆ, ಎರಡೂ ಮದ್ಯದ ಪ್ರಕರಣದಲ್ಲಿ ಬಂದಿವೆ. ಹಾಲು ಹುಳಿಯಾಗುವುದು, ಗಂಜಿ ಹುಳಿಯಾಗುವುದು, ರಸ ಸುರೆಯಾಗುವುದು ಇವೆಲ್ಲ ಒಂದೇ ಕ್ರಿಯೆಯ ಬೇರೆ ಬೇರೆ ಹಂತಗಳು ಎಂಬ ತಿಳಿವಳಿಕೆ ಆ ವರ್ಗೀಕರಣದ ಹಿಂದಿದೆ. ಆಶಾಧರನಿಗಿಂತ ಹಿಂದಿನ ಅಮೃತಚಂದ್ರಸೂರಿಯ 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಇದರ ಕಾರಣವೂ ದೊರೆಯುತ್ತದೆ. ಮದ್ಯವು ರಸದಲ್ಲಿ ಹುಟ್ಟುವ ಅನೇಕ ಜೀವಿಗಳ ಯೋನಿ. ಅದನ್ನು ಕುಡಿಯುವವನಿಗೆ ಹಿಂಸೆ ತಪ್ಪದು ಎಂಬುದು ಅವನ ವಾದ. ಕುಡಿತದಿಂದ ಮತಿ ಕೆಡುತ್ತದೆ ಎಂದು ಲೋಕದ ಎಲ್ಲ ನೀತಿಶಾಸ್ತ್ರಗಳೂ ಹೇಳಿವೆ, ಅಮೃತಚಂದ್ರನೂ ಹೇಳುತ್ತಾನೆ. ಆದರೆ ಪಾತ್ರೆಯೊಳಗೆ ಏನೋ ಬದುಕಿದೆ, ಅದು ಸಾಯುತ್ತದೆ ಎಂಬ ಕಾರಣವನ್ನು ಅದರ ಜೊತೆಗೆ ನಿಲ್ಲಿಸಿದ್ದು ಜೈನ ಆಚಾರ್ಯರ ವೈಶಿಷ್ಟ್ಯ.

ಹುಳಿಯಾಗುವಿಕೆ ಜೀವಿಗಳ ಕೆಲಸವೆಂದು ಲೂಯಿ ಪಾಶ್ಚರ್ ತನ್ನ ಪ್ರಬಂಧವನ್ನು ಮಂಡಿಸಿದ್ದು 1857ರಲ್ಲಿ. ಇದನ್ನು ತಿಳಿದೊಡನೆ ನಮ್ಮವರು ಸಾವಿರ ವರ್ಷ ಮೊದಲೇ ಬ್ಯಾಕ್ಟೀರಿಯವನ್ನು ಕಂಡಿದ್ದರು ಎಂದು ಹಿಗ್ಗುವುದು ಈಗಿನ ರೂಢಿ. ಅದು ಅವಸರದ ಮಾತು. ರಸಜ ಜೀವಿಗಳನ್ನು ಶಾಸ್ತ್ರವು ಚಲಿಸುವ ತ್ರಸಜೀವಿಗಳ ಗುಂಪಿಗೆ ಸೇರಿಸುತ್ತದೆ. ಅವಕ್ಕೆ ಒಂದಕ್ಕಿಂತ ಹೆಚ್ಚು ಇಂದ್ರಿಯಗಳುಂಟು. ಸೂಕ್ಷ್ಮದರ್ಶಕದಡಿಯ ಲ್ಯಾಕ್ಟೊಬ್ಯಾಸಿಲಸ್ ಆ ಲಕ್ಷಣಕ್ಕೆ ಒಗ್ಗುವುದಿಲ್ಲ. ಆಚಾರ್ಯರು ಕೇಳಿದ್ದೂ ಪಾಶ್ಚರ್ ಕೇಳಿದ ಪ್ರಶ್ನೆಯಲ್ಲ. ಇದು ಹೇಗೆ ಆಗುತ್ತದೆ ಎಂಬುದು ಅವನ ಪ್ರಶ್ನೆ. ಇದರಲ್ಲಿ ನನ್ನ ಪಾಲಿನ ಹಿಂಸೆ ಎಷ್ಟು ಎಂಬುದು ಇವರದು. ಎರಡನ್ನೂ ಬೆರೆಸಿದರೆ ಎರಡರ ಘನತೆಯೂ ಕುಂದುತ್ತದೆ.

ಈ ಸೀಮೆಯಲ್ಲಿ ಹುಳಿ ಎಂದೂ ದೂರದ ಪದಾರ್ಥವಾಗಿರಲಿಲ್ಲ. ಕುಮುದ್ವತಿ, ವರದಾ, ದಂಡಾವತಿಗಳ ಈ ಅರೆಮಲೆನಾಡಿನಲ್ಲಿ ಭತ್ತವೇ ಬದುಕು, ಮಳೆಗಾಲ ದೀರ್ಘ. ತಂಗಳನ್ನಕ್ಕೆ ಮಜ್ಜಿಗೆ, ಅಂಬಲಿ, ಮಿಡಿ ಉಪ್ಪಿನಕಾಯಿ ಮನೆಮನೆಯಲ್ಲೂ ಇದ್ದವು. ಮಳೆ ಹಿಡಿದೊಡನೆ ಬಿದಿರುಮೆಳೆಯಲ್ಲಿ ಏಳುವ ಕಳಲೆಯನ್ನು ಹೆಚ್ಚಿ ನೀರಿನಲ್ಲಿ ಎರಡು ಮೂರು ದಿನ ನೆನೆಹಾಕುತ್ತಾರೆ. ನಿತ್ಯ ನೀರು ಬದಲಿಸಬೇಕು. ಇಲ್ಲವಾದರೆ ಹಸಿ ಕಳಲೆಯಲ್ಲಿರುವ, ಸೈನೈಡು ಬಿಡುವ ವಿಷಾಂಶ ಉಳಿದೀತು. ನೆನೆದು ತುಸು ಹುಳಿ ವಾಸನೆ ಬಂದ ಕಳಲೆಯೇ ಪಲ್ಯಕ್ಕೆ ಯೋಗ್ಯ. ವ್ರತಿಗಳಾದ ಜೈನರಿಗೆ ಅದು ಇನ್ನೊಂದು ಕಾರಣಕ್ಕಾಗಿ ವರ್ಜ್ಯ: ಎಳೆಯ ಮೊಳಕೆಯಾದ್ದರಿಂದ ಅನಂತಕಾಯ.

ಇನ್ನು ಬಗನಿ ಮರ. ಸೊರಬ ಸಾಗರಗಳ ಹಳೇಪೈಕರು ಅಥವಾ ದೀವರು ಹಿಂದೆ ಬಗನಿಯ ಹೆಂಡ ಇಳಿಸುತ್ತಿದ್ದುದನ್ನು ಬಿ.ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾನೆ. ಹೊಂಬಾಳೆಯನ್ನು ಕೊಯ್ದಾಗ ತೊಟ್ಟಿಕ್ಕುವ ರಸ ಬರೀ ಸಿಹಿ. ಮಡಕೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಅದು ಕೆಲಹೊತ್ತು ಸಿಹಿಯಾಗಿಯೇ ಉಳಿಯುತ್ತದೆ. ಸುಣ್ಣವಿಲ್ಲದಿದ್ದರೆ ಗಾಳಿಯಲ್ಲಿಯೂ ಮಡಕೆಯಲ್ಲಿಯೂ ಇರುವ ಯೀಸ್ಟು ಕೆಲವೇ ಗಂಟೆಗಳಲ್ಲಿ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಇನ್ನೂ ಬಿಟ್ಟರೆ ಅದು ಹುಳಿಯೇರಿ ವಿನಿಗರಿನ ದಾರಿ ಹಿಡಿಯುತ್ತದೆ. ಬೆಳಗಿನ ರಸಕ್ಕೂ ಸಂಜೆಯ ಹೆಂಡಕ್ಕೂ ನಡುವೆ ಇರುವುದು ಹೊತ್ತು ಮಾತ್ರ.

ಈ ಹೊತ್ತಿನ ವ್ಯತ್ಯಾಸ ಮಹಾಪುರಾಣದ ಕವಿಗೂ ಬೇಕಾಗಿತ್ತು. ಭೋಗಭೂಮಿಯ ಹತ್ತು ಬಗೆಯ ಕಲ್ಪವೃಕ್ಷಗಳಲ್ಲಿ ಒಂದು ಮದ್ಯಾಂಗ. ಮಧು, ಮೈರೇಯ, ಸೀಧು, ಅರಿಷ್ಟ, ಆಸವಗಳನ್ನು ಕೊಡುವ ಮರ ಅದು. ತೀರ್ಥಂಕರನ ಪೂರ್ವಭವದ ಕಥೆಯಲ್ಲಿ ಹೆಂಡದ ಮರ ಹೇಗೆ ನಿಂತೀತು? ಸಂಸ್ಕೃತ ಆದಿಪುರಾಣದ ಜಿನಸೇನಾಚಾರ್ಯರು ಅಲ್ಲಿಯೇ ನಿಂತು ಸಮಾಧಾನ ಹೇಳುತ್ತಾರೆ. ಕಾಮವನ್ನು ಉದ್ದೀಪಿಸುವ ಸಾಮ್ಯದಿಂದ ಉಪಚಾರಕ್ಕೆ ಮದ್ಯವೆಂದು ಕರೆದದ್ದೇ ಹೊರತು, ಅದು ಮರದ ಒಂದು ಬಗೆಯ ರಸ. ಕುಡುಕರು ಆದರಿಸುವ, ಮದವನ್ನು ತರುವ ಮದ್ಯವು ಆರ್ಯರಿಗೆ ವರ್ಜ್ಯ. ಪುರಾಣದ ಓಟದಲ್ಲಿ ಈ ಟಿಪ್ಪಣಿ ಅಡ್ಡ ಬಂದಂತೆ ಕಾಣುತ್ತದೆ. ಬಗನಿಯ ಕೆಳಗೆ ನಿಂತವರಿಗೆ ಮಾತ್ರ ಅದು ಅಡ್ಡ ಬಂದದ್ದಲ್ಲ, ಕಣ್ಣೆದುರಿನ ಸಂಗತಿ. ಜಿನಸೇನರನ್ನು ಅನುಸರಿಸಿ ಕನ್ನಡ ಆದಿಪುರಾಣ ಬರೆದ ಪಂಪನೇ ವಿಕ್ರಮಾರ್ಜುನ ವಿಜಯದಲ್ಲಿ ಬನವಾಸಿಯನ್ನು ಹಾಡಿಹೊಗಳಿದ ನಾಲ್ಕನೆಯ ಆಶ್ವಾಸದಲ್ಲಿಯೇ ಪಾನಗೋಷ್ಠಿಯ ವರ್ಣನೆಗೂ ಕೈಹಾಕುತ್ತಾನೆ. ಆಗಮಿಕವೂ ಲೌಕಿಕವೂ ಅವನಲ್ಲಿ ಬೇರೆ ಬೇರೆ ಪಾತ್ರೆಗಳಲ್ಲಿದ್ದವು.

ಇಡ್ಲಿಯ ಕಥೆ ಇನ್ನೂ ತೊಡಕಿನದು. 10ನೆಯ ಶತಮಾನದ ಆದಿಭಾಗದ್ದೆಂದು ಸಾಮಾನ್ಯವಾಗಿ ಒಪ್ಪಿರುವ ವಡ್ಡಾರಾಧನೆಯಲ್ಲಿ ಬಡಿಸಿದ ಭಕ್ಷ್ಯಗಳ ಸಾಲಿನಲ್ಲಿ ಇಡ್ಡಲಿಗೆ ಇದೆ. ಜೈನ ಗದ್ಯಕೃತಿಯಲ್ಲಿಯೇ ಅದರ ಮೊದಲ ಉಲ್ಲೇಖ ಸಿಗುವುದು ಈ ಸೀಮೆಯ ಶ್ರಾವಕರಿಗೆ ಹೆಮ್ಮೆಯ ಮಾತು. ಆದರೆ ಆ ಇಡ್ಡಲಿಗೆ ಇಂದಿನ ಇಡ್ಲಿಯಲ್ಲ. ಸುಮಾರು 1025ರ 'ಲೋಕೋಪಕಾರ'ದಲ್ಲಿ ಎರಡನೆಯ ಚಾವುಂಡರಾಯನು (ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೇ ಬೇರೆ, ವಿದ್ಯಾರ್ಥಿಗಳು ಇಬ್ಬರನ್ನೂ ಬೆರೆಸುವುದುಂಟು) ಹೇಳುವ ಕ್ರಮದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಸಂಬಾರಗಳನ್ನೂ ಕೂಡಿಸುವುದಿದೆ. ಅಕ್ಕಿಯಿಲ್ಲ, ರಾತ್ರಿಯಿಡೀ ಹುದುಗಿಸುವ ಮಾತಿಲ್ಲ. ಆಹಾರ ಇತಿಹಾಸಕಾರ ಕೆ.ಟಿ. ಅಚಯ ಅವರು ಈ ಕೊರತೆಗಳನ್ನು ಎತ್ತಿ ತೋರಿಸಿ, ಹುದುಗಿಸಿ ಹಬೆಯಲ್ಲಿ ಬೇಯಿಸುವ ಕ್ರಮ ಇಂಡೊನೇಷ್ಯಾದ ಕಡೆಯಿಂದ ಬಂದಿರಬಹುದೆಂದು ಊಹಿಸಿದ್ದರು. ಅದು ಇಂದಿಗೂ ಊಹೆಯೇ. ಲೋಕೋಪಕಾರದ ಕ್ರಮ ಹುದುಗಿನ ದೋಷದಿಂದ ಪಾರಾದರೂ ವ್ರತಿಯ ಮನೆಯಲ್ಲಿ ಬೇರೊಂದು ದೋಷಕ್ಕೆ ಸಿಕ್ಕಿಬೀಳುತ್ತದೆ. ಕಾಯಿಸದ ಹಾಲು ಮೊಸರಿನೊಡನೆ ಬೇಳೆಕಾಳು ಕೂಡಬಾರದೆಂಬ ದ್ವಿದಳದ ನಿಯಮವೂ ಆಶಾಧರನಲ್ಲಿದೆ. ಆ ಮನೆಯ ಅಜ್ಜಿ ಇಡ್ಲಿಯನ್ನು ಮುಟ್ಟದಿರುವುದಕ್ಕೆ ರಾತ್ರಿ ಉಬ್ಬಿದ ಹಿಟ್ಟು ಒಂದೇ ಕಾರಣ ಸಾಕಾಗಿತ್ತು. ಮೊಮ್ಮಗಳು ಇನ್ನೊಂದನ್ನು ಹುಡುಕಿಕೊಟ್ಟಳು.

ಹುಳಿ ಪದಾರ್ಥಗಳು ದೇಹಕ್ಕೆ ಹಿತವೆಂಬ ವೈದ್ಯರ ಮಾತು ನಿರಾಧಾರವಲ್ಲ. ಮೊಸರಾಗುವಾಗ ಹಾಲಿನ ಸಕ್ಕರೆಯ ಒಂದು ಪಾಲು ಲ್ಯಾಕ್ಟಿಕ್ ಆಮ್ಲವಾಗುವುದರಿಂದ ಹಾಲು ಒಗ್ಗದವರಿಗೂ ಮೊಸರು ಒಗ್ಗುತ್ತದೆ. ಕಾಳುಗಳಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಅಂಶ ಹುದುಗುವಾಗ ಕಡಿಮೆಯಾಗುತ್ತದೆ. ಮೊಸರಿನ ಬ್ಯಾಕ್ಟೀರಿಯಗಳಿಗೂ ದೀರ್ಘಾಯುಷ್ಯಕ್ಕೂ ನಂಟು ಕಟ್ಟಿದ ಮೆಚ್ನಿಕಾಫ್ 20ನೆಯ ಶತಮಾನದ ಮೊದಲ ದಶಕದಲ್ಲಿಯೇ ಯುರೋಪಿಗೆ ಮೊಸರಿನ ಹುಚ್ಚು ಹಿಡಿಸಿದ್ದ. 2021ರಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ 36 ವಯಸ್ಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹತ್ತು ವಾರ ಹುದುಗಿಸಿದ ಆಹಾರವನ್ನೂ ಇನ್ನೊಂದಕ್ಕೆ ನಾರಿನ ಆಹಾರವನ್ನೂ ಹೆಚ್ಚಾಗಿ ಕೊಟ್ಟಾಗ, ಮೊದಲ ಗುಂಪಿನವರ ಕರುಳಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ಉರಿಯೂತದ ಸೂಚಕಗಳು ತಗ್ಗಿದವು. ಗುಂಪು ಚಿಕ್ಕದು, ಅವಧಿ ಚಿಕ್ಕದು. ಆದರೂ ಇಂದಿನ ವಿಜ್ಞಾನ ಮೊಸರನ್ನು ಹೊಗಳುವುದು ಅದರಲ್ಲಿ ಜೀವವಿದೆ ಎಂಬ ಕಾರಣಕ್ಕಾಗಿಯೇ. ಆಶಾಧರ ಎರಡು ದಿನದ ಮೊಸರನ್ನು ತೆಗಳಿದ್ದೂ ಅದೇ ಕಾರಣಕ್ಕಾಗಿ. ಮದ್ಯದ ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ ಕಡೆ ಸೇರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮದ್ಯಪಾನೀಯಗಳನ್ನು 1988ರಲ್ಲಿಯೇ ಮೊದಲ ದರ್ಜೆಯ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ಜೈನ ವೈದ್ಯರಿಗೆ ಈ ಇಕ್ಕಟ್ಟು ಹೊಸತಲ್ಲ. ಆಯುರ್ವೇದದ ಆಸವಾರಿಷ್ಟಗಳೆಲ್ಲ ಹುದುಗಿಸಿ ತಯಾರಿಸಿದ ಔಷಧಗಳು. ಅವನ್ನು ಬಿಟ್ಟು ಚಿಕಿತ್ಸೆ ನಡೆಯುವುದೆಂತು? ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯಾಚಾರ್ಯರು ತಮ್ಮ ಸಂಸ್ಕೃತ 'ಕಲ್ಯಾಣಕಾರಕ'ದಲ್ಲಿ ಮದ್ಯ, ಮಾಂಸ, ಮಧುಗಳಿಲ್ಲದ ವೈದ್ಯವನ್ನು ಕಟ್ಟಿದರು. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದಾಗಲೂ ಆ ನಿಷ್ಠೆಯನ್ನು ಬಿಡಲಿಲ್ಲ. ಅದೇ ಶತಮಾನದಲ್ಲಿ ಶಿಕಾರಿಪುರದಿಂದ ಬಹು ದೂರವಲ್ಲದ ಬಳ್ಳಿಗಾವೆಯ ಕೋಡಿಯಮಠದಲ್ಲಿ ದೀನರಿಗೆ ಅನ್ನ, ನಾನಾ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತೆಂದು 1162ರ ಶಾಸನ ಹೇಳುತ್ತದೆ. ಅದು ಕಾಳಾಮುಖ ಶೈವರ ಮಠ. ಅದೇ ಪಟ್ಟಣದಲ್ಲಿ ಬಸದಿಗಳೂ ಇದ್ದವು. ಒಂದೇ ಪಟ್ಟಣದ ರೋಗಿಗಳಲ್ಲಿ ಆಸವ ಕುಡಿದು ಗುಣವಾಗಲು ಒಪ್ಪುವವರೂ ಒಪ್ಪದವರೂ ಇದ್ದರೆಂದು ತಿಳಿಯಲು ಅಡ್ಡಿಯಿಲ್ಲ.

ಒಪ್ಪದವರ ದಾರಿ ಕೊನೆಗೆ ಎಲ್ಲಿಗೆ ಹೋಗುತ್ತದೆಂಬುದಕ್ಕೆ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಕಲ್ಲು ಸಾಕ್ಷಿ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂದಿತು. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲ. ಆಕೆ ಕೆಲವು ವರ್ಷ ನಾಡನ್ನಾಳಿ, ಮೈಗೆ ವ್ಯಾಧಿ ತಗಲಿದಾಗ, ಮಗಳಿಗೆ ಅಧಿಕಾರವನ್ನೊಪ್ಪಿಸಿ, ಬಂದಣಿಕೆಯ ತೀರ್ಥಕ್ಕೆ ಬಂದು, 918ರಲ್ಲಿ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ಮುಡಿಪಿದಳು. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಆ ಶಾಸನವಿದೆ. ಅದರ ಮುಂದಿನ ಸಂಪುಟದಲ್ಲಿ ಸೊರಬ ತಾಲ್ಲೂಕಿನ ಹಿರೆಆವಲಿಯ ನಿಷಿಧಿಗಲ್ಲುಗಳ ಸಾಲೇ ಇದೆ: ಗಂಡಸರು, ಹೆಂಗಸರು, ಗೌಡರು, ಗೌಡರ ಹೆಂಡಂದಿರು. ಅರಸೊತ್ತಿಗೆಯ ಹೆಣ್ಣು ಹಿಡಿದ ದಾರಿಯನ್ನು ಹಳ್ಳಿಯ ಗೌಡಿತಿಯೂ ಹಿಡಿದಿದ್ದಳು.

ಸಲ್ಲೇಖನದಲ್ಲಿ ಆಹಾರವನ್ನು ಒಮ್ಮೆಲೇ ಬಿಡುವುದಿಲ್ಲ. ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ' ಕ್ರಮ ಹೇಳುತ್ತದೆ. ಮೊದಲು ಘನ ಆಹಾರವನ್ನು ಕಡಿಮೆ ಮಾಡುತ್ತ ಸ್ನಿಗ್ಧಪಾನಕ್ಕೆ ಬರಬೇಕು. ಅದನ್ನೂ ಬಿಟ್ಟು ಖರಪಾನಕ್ಕೆ. ಅದನ್ನೂ ಬಿಟ್ಟು ಉಪವಾಸಕ್ಕೆ. ಸ್ನಿಗ್ಧವೆಂದರೆ ಹಾಲು ಮೊದಲಾದುದು. ಖರಪಾನವೆಂದರೆ? ಟೀಕಾಕಾರ ಪ್ರಭಾಚಂದ್ರ ಕೊಡುವ ಅರ್ಥ: ಕಾಂಜಿ ಮೊದಲಾದುದು, ಇಲ್ಲವೇ ಬರೀ ಶುದ್ಧ ನೀರು.

ಕಾಂಜಿ! ಅಕ್ಕಿಯ ಗಂಜಿ ಹುಳಿ ಬಂದದ್ದು. ವಡ್ಡಾರಾಧನೆಯ ಕಥೆಗಳಿಗೆ ಬೇರಾದ ಭಗವತೀ ಆರಾಧನೆಯಲ್ಲಿಯೂ ಶರೀರ ಸಲ್ಲೇಖನದ ಉಪಾಯಗಳಲ್ಲಿ ಆಯಂಬಿಲವೇ ಉತ್ಕೃಷ್ಟವೆಂದಿದೆ; ಒಗ್ಗರಣೆ ಮಸಾಲೆಗಳ ಸಂಸ್ಕಾರವಿಲ್ಲದೆ ಹುಳಿಗಂಜಿಯೊಡನೆ ಉಣ್ಣುವ ಅನ್ನವೇ ಆಯಂಬಿಲ ಅಥವಾ ಆಚಾಮ್ಲ. ಗೃಹಸ್ಥನ ಅಡುಗೆಮನೆಯಲ್ಲಿ ಮದ್ಯದ ನೆರಳು ಬಿದ್ದೀತೆಂದು ಎಚ್ಚರಿಸಿದ ಪದಾರ್ಥವೇ ಸಮಾಧಿಯ ಹೊಸ್ತಿಲಲ್ಲಿ, ಹಾಲನ್ನೂ ಬಿಟ್ಟ ಮೇಲೆ, ನೀರಿಗೆ ಸರಿಸಮನಾಗಿ ಬಂದು ನಿಂತಿದೆ. ಮೇಲುನೋಟಕ್ಕೆ ವಿರೋಧವೆನಿಸುವ ಇದನ್ನು ಮೊಮ್ಮಗಳು ಅಜ್ಜಿಯ ಮುಂದಿಟ್ಟಾಗ ಆಕೆ ಬೆರಗಾಗಲಿಲ್ಲ. ಆಶಾಧರ ನಿಷೇಧಿಸಿದ್ದು ಎಲ್ಲ ಕಾಂಜಿಯನ್ನಲ್ಲ, ಹೂ ಕಟ್ಟಿದ್ದನ್ನು ಎಂಬುದನ್ನು ಅಜ್ಜಿ ತನ್ನದೇ ಮಾತಿನಲ್ಲಿ ನೆನಪಿಸಿದರು. "ಬೂಷ್ಟು ಬಂದದ್ದು ಬೇರೆ, ಹುಳಿ ಬಂದದ್ದು ಬೇರೆ. ಹುಳಿ ಬಂದ ಕೂಡಲೇ ಕುಡಿದರಾಯ್ತು. ಇಟ್ಟುಕೊಂಡು ಕೂತರೆ ತಾನೇ ದೋಷ?"

ಇಟ್ಟುಕೊಂಡು ಕೂರುವುದು. ಸಂಧಾನ, ಆಸವ, ಎರಡು ದಿನದ ಮೊಸರು, ಹೂ ಕಟ್ಟಿದ ಕಾಂಜಿ: ಈ ಪಟ್ಟಿಯ ಉದ್ದಕ್ಕೂ ಸಮಾನವಾದದ್ದು ಅದೇ. ಶಾಸ್ತ್ರ ರುಚಿಯನ್ನು ತೂಗಿಲ್ಲ, ಕಾಲವನ್ನು ತೂಗಿದೆ. ಜಕ್ಕಿಯಬ್ಬೆಯ ಕೈಗೆ ಕೊನೆಯ ದಿನಗಳಲ್ಲಿ ಬಂದ ಗಿಂಡಿಯಲ್ಲಿ ಕಾಂಜಿಯಿತ್ತೋ ನೀರಿತ್ತೋ, ಅದು ಕೂಡಿಟ್ಟದ್ದಾಗಿರಲಿಲ್ಲ ಎನ್ನುವಷ್ಟನ್ನು ವ್ರತದ ಕ್ರಮದಿಂದ ಊಹಿಸಬಹುದು. ಹುಳಿಯನ್ನು ಆರೋಗ್ಯದ ಹೆಸರಿನಲ್ಲಿ ಸೀಸೆ ತುಂಬಿ ತಿಂಗಳುಗಟ್ಟಲೆ ಫ್ರಿಜ್ಜಿನಲ್ಲಿಡುವ ಈ ದಿನಗಳಲ್ಲಿ ಈ ವ್ಯತ್ಯಾಸ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ವೈದ್ಯರ ಮಾತನ್ನು ಅಜ್ಜಿ ತಳ್ಳಿಹಾಕಲಿಲ್ಲ. ಹೊಟ್ಟೆ ಸರಿಯಾಗಲೇಬೇಕಿತ್ತು, ಭಾದ್ರಪದದಲ್ಲಿ ದಶಲಕ್ಷಣ ಪರ್ವಕ್ಕೆ ಏಕಭುಕ್ತವನ್ನು ಮಾಡುವ ಸಂಕಲ್ಪವಿತ್ತು, ಅದಕ್ಕೆ ಮೈಯಲ್ಲಿ ಕಸುವು ಬೇಕು. ದೇಹವನ್ನು ಕಾಯುವುದೂ ವ್ರತಕ್ಕಾಗಿಯೇ. ಇಡ್ಲಿ ದೋಸೆ ಇಲ್ಲ, ತಂಗಳನ್ನ ಇಲ್ಲ ಎಂದಾಯಿತು. ಮೊಸರಿಗೆ ಒಪ್ಪಿಗೆ ಸಿಕ್ಕಿತು, ತನ್ನದೇ ರೀತಿಯಲ್ಲಿ. ಬೆಳಗ್ಗೆ ಕರೆದ ಹಾಲನ್ನು ಕೂಡಲೇ ಕಾಯಿಸಬೇಕು. ಉಗುರುಬೆಚ್ಚಗಾದ ಮೇಲೆ ನಿನ್ನೆಯ ಮೊಸರಿನ ಹೆಪ್ಪನ್ನಲ್ಲ, ತೊಳೆದೊಣಗಿಸಿದ ತೆಂಗಿನ ಕರಟದ ಚೂರನ್ನು ಹಾಕಬೇಕು. ಕಟ್ಟುನಿಟ್ಟಿನ ಕೆಲವು ಮನೆಗಳಲ್ಲಿ ಇದಕ್ಕೆ ಬೆಳ್ಳಿಯ ನಾಣ್ಯವನ್ನು ಹಾಕುತ್ತಾರೆ. ಹಳೆಯ ಮೊಸರಿನ ಸಂತತಿ ಹೊಸ ಪಾತ್ರೆಗೆ ಹರಿಯದಿರಲೆಂಬುದು ಉದ್ದೇಶ. ಸೂಕ್ಷ್ಮಜೀವಿ ವಿಜ್ಞಾನ ಓದಿದವರು ಕರಟದ ಮೇಲೂ ಗಾಳಿಯಲ್ಲೂ ಅವೇ ಬ್ಯಾಕ್ಟೀರಿಯಗಳಿವೆ, ಇಲ್ಲದಿದ್ದರೆ ಹಾಲು ಹೆಪ್ಪುಗಟ್ಟುವುದೇ ಇಲ್ಲ ಎಂದಾರು. ಮೊಮ್ಮಗಳು ಅದನ್ನು ಹೇಳಿಯೂ ಬಿಟ್ಟಳು. ಅಜ್ಜಿ ಕರಟವನ್ನು ಹಾಲಿಗೆ ಇಳಿಸುತ್ತ, ತಾನಾಗಿ ಬಂದದ್ದಕ್ಕೂ ತಾನು ಸಾಕಿದ್ದಕ್ಕೂ ವ್ಯತ್ಯಾಸವಿದೆ ಎಂದಷ್ಟೇ ಅಂದರು.

ಹಾಲು ನಿಧಾನವಾಗಿ ಹೆಪ್ಪುಗಟ್ಟಿತು. ಮಳೆಯ ತಂಪಿಗೆ ಅದು ಗಟ್ಟಿಯಾಗಲು ಮರುದಿನ ಬೆಳಗ್ಗೆಯೇ ಆಯಿತು. ಮಧ್ಯಾಹ್ನ ಅನ್ನಕ್ಕೆ ಕಲಸಿಕೊಂಡು ಉಂಡದ್ದು ಒಂದು ಸೌಟಿನಷ್ಟು. ಉಳಿದದ್ದನ್ನು ಸಂಜೆಯೊಳಗೆ ಕಡೆದು, ಮಜ್ಜಿಗೆಯನ್ನು ಗದ್ದೆಯಿಂದ ಬಂದ ಆಳುಗಳಿಗೆ ಕೊಟ್ಟು, ಪಾತ್ರೆಯನ್ನು ತೊಳೆದು ಕವುಚಿಟ್ಟರು.